ನಳಕ್ಕೆ ಮೋಟಾರು, ಹೊಟ್ಟೆಗೆ ಚೀಲ

ನನ್ನ ಕರುಳಿನ ಒಂದು ತುದಿ ಹೊಟ್ಟೆಯ ಬಲಮಗ್ಗುಲಲ್ಲಿ ಕೆಂಪಗೆ ಹೊರಗೆ ಕಾಣುತ್ತಿದ್ದ ಆ ತಿಂಗಳುಗಳಲ್ಲಿ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಈ ಎರಡನ್ನೂ ಒಟ್ಟಿಗೆ ಹೇಳದೆ ನನ್ನ ರೋಗದ ಕಥೆ ಹೇಳಲು ಬರುವುದಿಲ್ಲ. ಟೈಫಾಯಿಡ್ ಬಂದು ಕರುಳು ತೂತಾದವರು, ಹೊಟ್ಟೆಗೆ ಚೀಲ ಹಾಕಿಸಿಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ಧೈರ್ಯದ ಮಾತುಗಳನ್ನು ನಿಮಗೆ ಬೇರೆಯವರು ಬೇಕಾದಷ್ಟು ಹೇಳಿರುತ್ತಾರೆ. ನನ್ನ ಹತ್ತಿರ ಇರುವುದು ಸಿಟ್ಟು. ರೋಗಿಗೂ ಸಿಟ್ಟು ಬರಬಹುದು, ಅದರಲ್ಲಿ ತಪ್ಪಿಲ್ಲ ಎಂದು ಆಗ ಒಬ್ಬರಾದರೂ ಹೇಳಿದ್ದರೆ ನನಗೆ ಹಗುರಾಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಊರಿನ ಹೆಸರು ಬರೆಯುವುದಿಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು, ಈ ನಾಲ್ಕರ ನಡುವೆ ಎಲ್ಲೋ ಒಂದು ಊರು ಎಂದುಕೊಂಡರೆ ಸಾಕು. ನವಿಲುತೀರ್ಥದ ಅಣೆಕಟ್ಟು ನಮಗೆ ದೂರವೇನಲ್ಲ. ಮಳೆಗಾಲದಲ್ಲಿ ಅದರ ಬಾಗಿಲು ತೆಗೆದರೆ ಓಣಿಯವರೆಲ್ಲ ಗಾಡಿ ಮಾಡಿಕೊಂಡು ಹೋಗಿ ನೀರು ನೋಡಿ ಬರುತ್ತಾರೆ. ಅಷ್ಟು ನೀರು ನೋಡಿ ಬಂದವರು ಮನೆಯಲ್ಲಿ ಕೊಡ ಬಗ್ಗಿಸಿ ತಳದ ನೀರು ಬಳಿದು ಕುಡಿಯುತ್ತಾರೆ.

ನನ್ನದು ಹಿಟ್ಟಿನ ಗಿರಣಿ. ಜೋಳ, ಗೋದಿ, ಬೇಸಿಗೆಯಲ್ಲಿ ಖಾರ. ಬೆಲ್ಟಿನ ಸಪ್ಪಳದ ಮೇಲೆ ಮಾತಾಡಿ ಮಾತಾಡಿ ದನಿ ದೊಡ್ಡದಾಗಿದೆ. ಗಂಡ ಸೋಮಶೇಖರ ಸರಕಿನ ಸಣ್ಣ ಗಾಡಿ ಓಡಿಸುತ್ತಾರೆ. ಜೊತೆಗೆ ಅತ್ತೆ ನೀಲವ್ವ. ಮಕ್ಕಳಿಲ್ಲ. ಮಗ್ಗುಲ ಮನೆ ರುದ್ರಪ್ಪ ಕಾಕಾನದು. ಅವನ ಹೆಸರು ಬದಲಿಸಿದ್ದೇನೆ, ಅವನ ನಡತೆ ಬದಲಿಸಿಲ್ಲ. ನೀರು ಬಿಟ್ಟ ಕೂಡಲೆ ಅವನು ನಳಕ್ಕೆ ಮೋಟಾರು ಹಚ್ಚುತ್ತಿದ್ದ. ಅವನ ಮಾಳಿಗೆಯ ಟಾಕಿ ತುಂಬಿ ಉಕ್ಕುವವರೆಗೆ ನಮ್ಮ ನಳ ಬರೀ ಗಾಳಿ ಉಸುರುತ್ತಿತ್ತು.

ಜ್ವರ ಬಂದದ್ದು ಖಾರ ಬೀಸುವ ಕಾಲದಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಒಂದು ಸಲ ನಳದ ನೀರು ಮೊದಲು ಕಪ್ಪಗೆ ಬಂದು, ಆಮೇಲೆ ತಿಳಿಯಾಗಿತ್ತು. ವಾಸನೆ ಮಾತ್ರ ಹೋಗಿರಲಿಲ್ಲ. ಓಣಿಯ ಎಲ್ಲ ಹೆಂಗಸರ ಹಾಗೆ ನಾನೂ ಮೊದಲ ಕೊಡ ಗಟಾರಕ್ಕೆ ಚೆಲ್ಲಿ, ಉಳಿದದ್ದನ್ನು ಬಿಳಿ ಅರಿವೆಯಲ್ಲಿ ಸೋಸಿ ತುಂಬಿಟ್ಟೆ. ವಾರವೆಲ್ಲ ಕಾದು ಹಿಡಿದ ನೀರನ್ನು ವಾಸನೆ ಇದೆ ಎಂದು ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ.

ಊರಿನ ಡಾಕ್ಟರು ಹೊಟ್ಟೆ ಮುಟ್ಟಿಯೂ ನೋಡದೆ, "ವೈರಲ್ ಐತಿ, ಎಲ್ಲಾ ಕಡೆ ನಡದೈತಿ" ಎಂದು ಸೂಜಿ ಚುಚ್ಚಿದರು. ಜ್ವರ ಬಿಡಲಿಲ್ಲ. ಮತ್ತೆ ಹೋದೆ, ಸಲೈನ್ ಹಚ್ಚಿದರು. ಮತ್ತೆ ಹೋದೆ, ಗುಳಿಗೆಯ ಬಣ್ಣ ಬದಲಾಯಿತು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಒಂದು ಮಧ್ಯಾಹ್ನ ಗಿರಣಿಯಲ್ಲಿ ಜೋಳದ ಡಬ್ಬಿ ಎತ್ತಲು ಬಗ್ಗಿದೆ. ಒಳಗೆ ಯಾರೋ ಕಾದ ಎಣ್ಣೆ ಸುರುವಿದ ಹಾಗಾಯಿತು. ಹಿಟ್ಟು ಚೆಲ್ಲಿದ್ದ ನೆಲದ ಮೇಲೆಯೇ ಮಲಗಿಬಿಟ್ಟೆ. ಹೊಟ್ಟೆ ಹಲಗೆಯಾಗಿತ್ತು.

ಗಂಡ ಗಾಡಿಯ ಹಿಂದೆ ಗಾದಿ ಹಾಸಿ ನನ್ನನ್ನು ಮಲಗಿಸಿ ಬೆಳಗಾವಿಗೆ ಹೊಡೆದರು. ಅತ್ತೆ ನನ್ನ ತಲೆ ತೊಡೆಯ ಮೇಲೆ ಇಟ್ಟುಕೊಂಡು, ರಸ್ತೆಯ ಒಂದೊಂದು ತಗ್ಗಿಗೂ ಮಗನನ್ನೇ ಬೈಯುತ್ತಿದ್ದರು. ಅಲ್ಲಿನ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಸಿಗುವವರೆಗೂ ಗಾಡಿಯಲ್ಲೇ ಇದ್ದೆ. ಆಮೇಲೆ ಒಂದು ಉದ್ದನೆಯ ಪಡಸಾಲೆಯಲ್ಲಿ ಗೋಡೆಗೆ ಹಚ್ಚಿ ನಿಲ್ಲಿಸಿದರು. ಪಕ್ಕದ ಸ್ಟ್ರೆಚರಿನಲ್ಲಿ ಮುರಗೋಡ ಕಡೆಯ ಒಬ್ಬ ಮುದುಕ ನನ್ನ ನರಳಾಟ ಕೇಳಲಾರದೆ, "ತಂಗಿ, ನನ್ನ ಪಾಳಿ ನೀ ತಗೋ" ಎಂದ. ಆ ದಿನ ನನಗೆ ಸಿಕ್ಕ ಮೊದಲ ಒಳ್ಳೆಯ ಮಾತು ಅದು.

ಶಸ್ತ್ರಚಿಕಿತ್ಸೆಯ ಡಾಕ್ಟರು ಹೆಣ್ಣುಮಗಳು, ನನಗಿಂತ ಚಿಕ್ಕವಳು. ಹೊಟ್ಟೆ ಒತ್ತಿ ನೋಡಿ ಕೇಳಿದಳು, "ಜ್ವರ ಬಂದು ಇಷ್ಟು ದಿನಾ ಆಗೇತಿ. ಇಲ್ಲೀತನಕ ಎಲ್ಲಿದ್ರಿ?"

ಎಲ್ಲಿದ್ದೆ ಎಂದರೆ, ನಮ್ಮ ಊರಿನ ಡಾಕ್ಟರ ಮುಂದೆಯೇ ಕೂತಿದ್ದೆ. ಹಾಗೆ ಹೇಳಲು ಉಸಿರಿರಲಿಲ್ಲ.

"ನೀರು ಎಲ್ಲೀದು ಕುಡೀತೀರಿ?"

ಗಂಡ ಹೇಳಿದರು, "ನಳದ್ದ್ರಿ. ಎಲ್ಲಾರೂ ಅದನ್ನ ಕುಡೀತಾರ."

"ಎಲ್ಲಾರೂ ಇಲ್ಲೇ ಬರಾಕ ಹತ್ಯಾರ," ಎಂದಳು ಆಕೆ, ತಲೆ ಎತ್ತದೆ ಬರೆಯುತ್ತ. ಆಮೇಲೆ ಗಂಡನನ್ನು ಪಕ್ಕಕ್ಕೆ ಕರೆದು ಕರುಳು ತೂತಾಗಿದೆ, ಈಗಲೇ ಹೊಟ್ಟೆ ತೆರೆಯಬೇಕು, ಉಳಿಯುವ ಭರವಸೆ ಕೊಡಲಾರೆ ಎಂದು ಹೇಳಿದಳು. ಪಕ್ಕಕ್ಕೆ ಕರೆದರೂ ನನಗೆ ಕೇಳಿತು. ಗಂಡ ಸಹಿ ಮಾಡುವಾಗ ಅವರ ಕೈಗೆ ಇನ್ನೂ ನಮ್ಮ ಗಿರಣಿಯ ಹಿಟ್ಟು ಮೆತ್ತಿಕೊಂಡಿತ್ತು.

ಎಚ್ಚರವಾದಾಗ ಮೂಗಿನಲ್ಲಿ ನಳಿಗೆ, ಹೊಟ್ಟೆಯ ನಡುವೆ ಉದ್ದ ಹೊಲಿಗೆ, ಬಲಕ್ಕೆ ಏನೋ ಬೆಚ್ಚಗೆ ತೂಗುತ್ತಿತ್ತು. ಕೈ ಹಾಕಿದೆ. ಪ್ಲಾಸ್ಟಿಕ್ ಚೀಲ. ಸಿಸ್ಟರ್ ನನ್ನ ಕೈ ಹಿಡಿದುಕೊಂಡಳು. "ನಂದೂ ರಾಮದುರ್ಗ ಕಡೆ ಊರ್ರಿ ಅಕ್ಕಾ. ಇದನ್ನ ನಾ ಹೇಳತೇನಿ, ಬ್ಯಾರೇದವರ ಕಡೆ ಕೇಳಬ್ಯಾಡ್ರಿ. ಕರುಳಿಗೆ ವಿಶ್ರಾಂತಿ ಬೇಕು. ಅದಕ್ಕ ಸಂಡಾಸ ಈಗ ಹೊಟ್ಟಿ ಕಡಿಂದ ಬರತೈತಿ. ಕೆಲವು ತಿಂಗಳ ಅಷ್ಟ. ಮತ್ತ ಒಳಗ ಸೇರಸ್ತಾರ."

ನಾನು ಮುಖ ತಿರುಗಿಸಿಕೊಂಡೆ. ಸತ್ತಿದ್ದರೆ ಒಳ್ಳೆಯದಿತ್ತು ಎಂದು ಅನ್ನಿಸಿದ್ದು ನಿಜ. ಅದನ್ನು ಮುಚ್ಚಿಡುವುದಿಲ್ಲ. ನಿಮಗೂ ಅನ್ನಿಸಿದ್ದರೆ ನೀವು ಒಬ್ಬರೇ ಅಲ್ಲ.

ಅತ್ತೆ ನೋಡಲು ಬಂದವರು ಸೆರಗು ಮೂಗಿಗೆ ಹಿಡಿದರು. ಗಂಡ ಚೀಲವೊಂದನ್ನು ಬಿಟ್ಟು ಉಳಿದುದೆಲ್ಲ ನೋಡಿದರು, ಫ್ಯಾನು, ಕಿಟಕಿ, ಸಲೈನ್ ಬಾಟಲಿ. ಚೀಲ ತೆಗೆದು, ತೊಳೆದು, ಚರ್ಮ ಒರೆಸಿ ಒಣಗಿಸಿ, ಹೊಸ ಪಟ್ಟಿ ಅಂಟಿಸುವುದನ್ನು ನನಗೆ ಕಲಿಸಿದ್ದು ಆ ಸಿಸ್ಟರ್. ಮೊದಲ ಸಲ ನನ್ನ ಕೈಯಿಂದಲೇ ಮಾಡಿದಾಗ ವಾಂತಿಯಾಯಿತು. ಆಕೆ ನೆಲ ಒರೆಸಿ, ನನ್ನ ತಲೆ ಬಾಚಿ, ಬಿಗಿಯಾಗಿ ಜಡೆ ಹಾಕಿ ಹೋದಳು. ಜಡೆ ಹಾಕು ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಬಿಡುಗಡೆಯ ದಿನ ಡಾಕ್ಟರು ಎರಡು ಮಾತು ಹೇಳಿದಳು. ನೀರು ಬಹಳ ಕುಡಿಯಬೇಕು, ಕುದಿಸಿ ಆರಿಸಿದ್ದು. ಸ್ವಚ್ಛ ಬಹಳ ಇರಬೇಕು, ಚೀಲ ತುಂಬಿದ ಹಾಗೆಲ್ಲ ಖಾಲಿ ಮಾಡಿ ತೊಳೆಯಬೇಕು. ನಾನು ನಕ್ಕೆ. ಹೊಲಿಗೆ ಚುರ್ ಎಂದಿತು. "ಯಾಕ ನಗತೀರಿ?" ಎಂದು ಕೇಳಿದಳು. ನಮ್ಮ ಊರಲ್ಲಿ ನೀರು ಯಾವಾಗ ಬರುತ್ತದೆ ಎಂದು ಗಂಡ ಹೇಳಿದರು. ಆಕೆ ನಗಲಿಲ್ಲ.

ಮನೆಗೆ ಬಂದ ಮೇಲೆ ನಿಜವಾದ ರೋಗ ಶುರುವಾಯಿತು. ಸಣ್ಣ ಕರುಳಿನಿಂದ ಬರುವುದು ನೀರಿನ ಹಾಗಿರುತ್ತದೆ, ಹೊತ್ತು ಗೊತ್ತಿಲ್ಲ, ತಾಕಿದಲ್ಲಿ ಚರ್ಮ ಬೇಯುತ್ತದೆ. ಉಂಡರೆ ತುಂಬುತ್ತದೆ, ಉಣ್ಣದಿದ್ದರೆ ತಲೆ ತಿರುಗುತ್ತದೆ. ಕೊಡಗಳು ಎರಡೇ ದಿನಕ್ಕೆ ಖಾಲಿಯಾದವು. ಅತ್ತೆ ಪಾತ್ರೆ ತೊಳೆದ ನೀರನ್ನು ಬಕೆಟಿನಲ್ಲಿ ಹಿಡಿದಿಟ್ಟು ನನ್ನ ಸಂಡಾಸಿಗೆ ಕೊಟ್ಟರು. ಅದರಲ್ಲಿ ಅನ್ನದ ಅಗುಳು ತೇಲುತ್ತಿತ್ತು.

ಗಿರಣಿಗೆ ಬರುವವರು ಕಡಿಮೆಯಾದರು. "ಆಕಿ ಕೈಯಾಗಿನ ಹಿಟ್ಟು ಹೆಂಗ ತಿನ್ನೂದು" ಎಂದು ಯಾರೋ ಅಂದದ್ದು ಇಡೀ ಓಣಿ ಸುತ್ತಿ ನಮ್ಮ ಬಾಗಿಲಿಗೂ ಬಂತು. ಆಗ ಗಿರಣಿ ನಡೆಸುತ್ತಿದ್ದದ್ದು ಅತ್ತೆ. ನನಗೆ ಭಾರ ಎತ್ತುವ ಹಾಗಿರಲಿಲ್ಲ. ಒಬ್ಬಳು ಡಬ್ಬಿ ಹಿಡಿದು ಹೊಸ್ತಿಲಲ್ಲೇ ನಿಂತು ಒಳಗೆ ಇಣುಕಿದಾಗ ಅತ್ತೆ ಹೇಳಿದ್ದು ನನಗೆ ಒಳಮನೆಯಲ್ಲಿ ಕೇಳಿತು. "ಜ್ವಾಳಾ ಬೀಸೂದು ಕಲ್ಲು, ನನ್ನ ಸೊಸಿ ಹೊಟ್ಟಿ ಅಲ್ಲ. ಬೀಸಸ್ತಿದ್ರ ಡಬ್ಬಿ ಇಡು, ಇಲ್ಲಂದ್ರ ದಾರಿ ಬಿಡು." ನನ್ನೆದುರು ಮೂಗು ಮುಚ್ಚಿಕೊಳ್ಳುವ ಮುದುಕಿ ಆ ಹೊತ್ತಿನಿಂದ ನನಗೆ ಬೇರೆಯಾಗಿ ಕಂಡಳು. ಮೂಗು ಮುಚ್ಚಿಕೊಳ್ಳುವುದನ್ನು ಮಾತ್ರ ಆಕೆ ಬಿಡಲಿಲ್ಲ.

ನೀರು ಬಿಡುವ ದಿನ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ರುದ್ರಪ್ಪ ಕಾಕಾನ ಬಾಗಿಲಿಗೆ ಹೋದೆ. ಮೋಟಾರು ಗುಂಯ್‌ಗುಡುತ್ತಿತ್ತು.

"ಕಾಕಾ, ಒಂದ ತಾಸು ಮೋಟಾರ ಬಂದ್ ಮಾಡ್ರಿ. ನನಗ ನೀರು ಬೇಕಾಗೇತಿ. ಯಾಕಂತ ನಿಮಗ ಗೊತ್ತೈತಿ."

"ಎಲ್ಲಾರೂ ಹಚ್ಯಾರ. ನಾ ಒಬ್ಬಾಂವ ಬಂದ್ ಮಾಡಿದ್ರ ಮುಂದಿನವಗ ಹೋಗತೈತಿ, ನಿನಗ ಬರೂದಿಲ್ಲ."

"ಮಾಡಿ ನೋಡ್ರಿ. ಬರಲಿಲ್ಲಂದ್ರ ಮತ್ತ ಹಚ್ಚಿರಂತ."

"ನೀನೂ ಒಂದ ಮೋಟಾರ ತಂದು ಹಚ್ಚು. ಯಾರ ಬ್ಯಾಡಂದಾರ?"

ಅವನ ಸೊಸೆ ರೇಣುಕಾ ಹಿಂದೆ ಪಾತ್ರೆ ತಿಕ್ಕುತ್ತ ಕೂತಿದ್ದಳು. ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ತಲೆ ತಗ್ಗಿಸಿದಳು. ಆ ಮನೆಯಲ್ಲಿ ನೀರು ಶುದ್ಧ ಮಾಡುವ ಯಂತ್ರವಿತ್ತು. ಅದರ ನೀರು ಕಾಕಾನ ತಾಟಿನ ಪಕ್ಕಕ್ಕೆ ಹೋಗುತ್ತಿತ್ತು. ಅಡುಗೆಮನೆಯಲ್ಲಿದ್ದ ರೇಣುಕಾ ಬಾಯಾರಿದರೆ ಟಾಕಿಯ ನಳಕ್ಕೇ ಲೋಟ ಹಿಡಿಯುತ್ತಿದ್ದಳು.

ಎದುರು ಮನೆಯ ಮೌಶಿ ಇದನ್ನೆಲ್ಲ ಕಟ್ಟೆಯ ಮೇಲಿಂದ ನೋಡುತ್ತಿದ್ದರು. ಮೌಶಿ ಎಂದರೆ ಇಂದಿರಾಬಾಯಿ. ಗಂಡ ಪೌರೋಹಿತ್ಯ ಮಾಡುತ್ತಿದ್ದರು, ತೀರಿಕೊಂಡು ಬಹಳ ವರ್ಷವಾಯಿತು. ಮಗ ಕಿತ್ತೂರಲ್ಲಿ ಔಷಧ ಅಂಗಡಿ ಇಟ್ಟಿದ್ದಾನೆ, ದಿನಾ ಹೋಗಿ ಬರುತ್ತಾನೆ. ಅವರ ಹಿತ್ತಿಲಲ್ಲಿ ಒಂದು ಹಳೆಯ ಬಾವಿ ಇದೆ. ಓಣಿಯವರು ಆ ಹಿತ್ತಿಲಿಗೆ ಕಾಲಿಟ್ಟದ್ದನ್ನು ನಾನು ನೋಡಿಲ್ಲ.

"ಏ, ಬಾ ಇಲ್ಲೆ," ಎಂದು ಕರೆದರು. "ಬಾವ್ಯಾಗ ನೀರದ. ಎಷ್ಟು ಬೇಕಷ್ಟು ಒಯ್ಯಿ. ಕುಡೀಲಿಕ್ಕೆ ಬ್ಯಾಡ, ತೊಳೀಲಿಕ್ಕೆ ಮಾತ್ರ. ಸೇದೂದು ನನ್ನ ಮಗ ಸೇದ್ತಾನ. ನೀ ಹಗ್ಗ ಮುಟ್ಟಬ್ಯಾಡ, ಕಟ್ಟಿ ಏರಬ್ಯಾಡ. ಕೊಡ ದೂರ ಇಡು."

ದಿನಾ ಮುಂಜಾನೆ ಅವರ ಮಗ ಸೇದಿ ಎತ್ತರದಿಂದ ನನ್ನ ಕೊಡಕ್ಕೆ ಸುರಿದ. ಒಂದು ದಿನವೂ ತಪ್ಪಿಸಲಿಲ್ಲ. ಗಂಡ ಕೊಡ ಹೊತ್ತು ತಂದರು. ಆ ನೀರಿನಿಂದ ನನ್ನ ಚರ್ಮದ ಸುಟ್ಟ ಗಾಯ ಮಾಗಿತು. ಮೌಶಿಯ ಉಪಕಾರ ಮರೆಯುವುದಿಲ್ಲ. ದೂರ ಇಡು ಎಂದ ಆ ಮಾತೂ ಮರೆಯುವುದಿಲ್ಲ. ಹೊಲಿಗೆಯ ಕಾರಣಕ್ಕೆ ಹಾಗೆಂದರೋ, ಮಡಿಯ ಕಾರಣಕ್ಕೋ ಎಂದು ನಾನು ಕೇಳಲಿಲ್ಲ. ಎರಡೂ ಇದ್ದೀತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕಲು ಬರುತ್ತದೆ ಎಂದು ರೋಗ ಕಲಿಸಿತು.

ಈ ನಡುವೆ ಓಣಿಯಲ್ಲಿ ಇನ್ನೂ ಕೆಲವರಿಗೆ ಜ್ವರ ಬಂತು. ಗಂಡ ನೀರಿನ ಕಚೇರಿಗೆ ಹೋಗಿ ಹೇಳಿ ಬಂದರು. ಒಬ್ಬ ಬಂದು ಗುಡ್ಡದ ಮೇಲಿನ ದೊಡ್ಡ ಟಾಕಿಯಿಂದ ಬಾಟಲಿಯಲ್ಲಿ ನೀರು ಹಿಡಿದುಕೊಂಡು ಹೋದ. ನೀರು ಚೆನ್ನಾಗಿದೆ ಎಂದು ಉತ್ತರ ಬಂತು. ಟಾಕಿಯ ನೀರು ಚೆನ್ನಾಗಿಯೇ ಇತ್ತು. ನಾವು ಟಾಕಿಯಲ್ಲಿ ಬಾಯಿಟ್ಟು ಕುಡಿಯುವುದಿಲ್ಲವಲ್ಲ.

ನಾನೇ ಹೋದೆ. ಗಂಡ ಬೇಡವೆಂದರು. ಚೀಲ ಸಡಿಲಾದರೆ ಏನು ಗತಿ ಎಂದರು. ಅತ್ತೆ ಮಾತ್ರ ತಮ್ಮ ದಪ್ಪ ಇಳಕಲ್ ಸೀರೆ ಉಡಿಸಿ, "ಉಬ್ಬು ಕಾಣೂದಿಲ್ಲ, ಹೋಗು" ಎಂದರು.

ಕಚೇರಿಯ ಪಡಸಾಲೆಯಲ್ಲಿ ಬೆಂಚಿತ್ತು. ಸಾಹೇಬರು ಒಳಗಿದ್ದಾರೆ, ಕೂಡಿ ಎಂದರು. ಕೂತೆ. ಜನ ಬಂದರು, ಒಳಗೆ ಹೋದರು, ಹೊರಗೆ ಬಂದರು. ನನ್ನ ಪಾಳಿ ಬರಲಿಲ್ಲ. ಆ ಕಚೇರಿಯ ಸಂಡಾಸಿಗೆ ಕೀಲಿ ಜಡಿದಿತ್ತು, ಕೇಳಿದರೆ ಸಿಬ್ಬಂದಿಗೆ ಮಾತ್ರ ಎಂದರು. ಬಿಸಿಲು ಏರಿತು, ಚೀಲ ತುಂಬಿತು. ಪಟ್ಟಿಯ ಒಂದು ಮೂಲೆ ಬಿಟ್ಟುಕೊಂಡದ್ದು ಮೊದಲು ಚರ್ಮಕ್ಕೆ ಗೊತ್ತಾಯಿತು, ಆಮೇಲೆ ಪಕ್ಕದಲ್ಲಿ ಕೂತವನ ಮೂಗಿಗೆ. ಅವನು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತ. ಬೆಂಚು ಖಾಲಿಯಾಯಿತು. ಜವಾನ ಬಂದು, "ಹೊರಗ ಕುಂದರ್ರಿ ಅಕ್ಕಾರ" ಎಂದ.

ಎದ್ದು ಓಡಬೇಕು ಅನ್ನಿಸಿತು. ಇಷ್ಟು ದೊಡ್ಡ ದನಿಯವಳಿಗೆ ದನಿಯೇ ಬರಲಿಲ್ಲ. ಕಾಲೂ ಏಳಲಿಲ್ಲ. ಎದ್ದರೆ ಸೀರೆಯ ಕಲೆ ಎಲ್ಲರಿಗೂ ಕಾಣುತ್ತದೆ, ಅದಕ್ಕೇ ಕೂತಿದ್ದೆ. ಅದನ್ನು ಧೈರ್ಯ ಎಂದು ಆಮೇಲೆ ಓಣಿಯವರು ಕರೆದರು. ಅದು ನಾಚಿಕೆ.

ಕೊನೆಗೆ ಸಾಹೇಬರೇ ಮೂಗಿಗೆ ಕರವಸ್ತ್ರ ಹಿಡಿದು ಹೊರಗೆ ಬಂದರು. "ಏನಿದು ವಾಸನಿ? ಯಾರು ಇವರು?"

"ನಾ ಮಹಾದೇವಿ ಅಂತ್ರಿ, ಹಿಟ್ಟಿನ ಗಿರಣಿಯಾಕಿ," ಎಂದೆ. ದನಿ ಸಣ್ಣದಾಗಿ ಬಂತು. "ಈ ವಾಸನಿ ನಮ್ಮ ನಳದಾಗ ಬರತಿತ್ತು. ಅದನ್ನ ಕುಡದ ಮ್ಯಾಲೆ ನನ್ನ ಹೊಟ್ಟ್ಯಾಗ ಬಂತು. ನಿಮ್ಮ ಬಾಟ್ಲ್ಯಾಗ ಬರಲಿಲ್ಲಂತ, ಅದಕ್ಕ ನಾನ ತಂದೇನಿ."

ಒಳಗಿನ ಕೋಣೆಯಿಂದ ಒಬ್ಬ ಹೆಣ್ಣುಮಗಳು, ಅಲ್ಲಿ ಟೈಪ್ ಮಾಡುವವಳು, ಬಂದು ಸಿಬ್ಬಂದಿಯ ಸಂಡಾಸಿನ ಕೀಲಿ ತೆಗೆದು, ತನ್ನ ದುಪಟ್ಟಾ ನನ್ನ ಸೊಂಟಕ್ಕೆ ಸುತ್ತಿ ಒಳಗೆ ಕರೆದುಕೊಂಡು ಹೋದಳು. ಒಳಗೆ ನಳ ತಿರುಗಿಸಿದೆ. ದಪ್ಪಗೆ ನೀರು ಬಂತು. ಅಲ್ಲಿ ದಿನಾ ಬರುತ್ತದಂತೆ. ಆಗ ನನಗೆ ಅಳು ಬಂತು.

ಮರುದಿನ ಗುದ್ದಲಿ ಹಿಡಿದವರು ಬಂದರು. ಕುಡಿಯುವ ನೀರಿನ ಪೈಪು ಗಟಾರದ ಒಳಗೇ ಹೋಗಿತ್ತು. ರುದ್ರಪ್ಪ ಕಾಕಾನ ಮನೆಯ ಮುಂದೆ ಪೈಪು ಕೂಡಿಸಿದ ಒಂದು ಜಾಗ ಬಿಟ್ಟುಕೊಂಡು, ಅದಕ್ಕೆ ಯಾರೋ ಯಾವಾಗಲೋ ಸೈಕಲ್ ಟ್ಯೂಬು ಸುತ್ತಿದ್ದರು. ಅದೂ ಕೊಳೆತಿತ್ತು. ಅಗೆಯುವವನು ನನಗೆ ತೋರಿಸಿ ಹೇಳಿದ, "ನೀರು ಜೋರಿದ್ರ ಇಲ್ಲಿಂದ ಹೊರಗ ಸೋರತೈತ್ರಿ. ಮೋಟಾರ ಎಳದ್ರ ಗಟಾರದ್ದು ಒಳಗ ಬರತೈತಿ." ಪೈಪಿನ ಅಷ್ಟು ಭಾಗ ಬದಲಿಸಿದರು. ಓಣಿಯ ಮೋಟಾರುಗಳನ್ನು ಬಿಚ್ಚಿ ಟ್ರಾಕ್ಟರಿಗೆ ಹಾಕಿದರು. ಕಾಕಾ ನನ್ನ ಕಡೆ ನೋಡಿ ಗಟಾರಕ್ಕೆ ಉಗಿದ. ಅವನ ಮೋಟಾರು ಮುಂದಿನ ನೀರಿನ ದಿನಕ್ಕೆ ಸರಿಯಾಗಿ ವಾಪಸು ಬಂದಿತ್ತು. ಯಾರಿಗೆ ಫೋನು ಮಾಡಿದನೋ ನನಗೆ ಗೊತ್ತಿಲ್ಲ.

ಅಷ್ಟರಲ್ಲಿ ರೇಣುಕಾ ಜ್ವರ ಬಂದು ಮಲಗಿದ್ದಳು. ಅವಳನ್ನು ಊರಿನ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದನ್ನೂ, ಅದೇ ಬಣ್ಣದ ಗುಳಿಗೆ ಹಿಡಿದು ಬರುವುದನ್ನೂ ಕಟ್ಟೆಯಿಂದ ನೋಡಿದೆ. ನನ್ನೊಳಗೆ ಏಳಬಾರದ ಮಾತು ಎದ್ದಿತು, ಈಗ ತಿಳಿಯಲಿ ಎಂದು. ಆ ಮಾತು ಒಂದಿಡೀ ದಿನ ನನ್ನ ಜೊತೆಗಿತ್ತು. ಮರುದಿನ ಸಂಜೆ ಕಾಕಾ ನಮ್ಮ ಗಿರಣಿಯ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ಮಾದೇವಿ, ನಿನಗ ಮೊದಲ ಹೆಂಗಾಗಿತ್ತು? ಹೊಟ್ಟಿ ನೂಸತಿತ್ತೇನು?"

ನಾನು ಬೆಲ್ಟು ಬಂದ್ ಮಾಡಿಸಿದೆ. "ಜ್ವರಾ ಇಳಿಯೂದಿಲ್ಲ. ನಾಲಿಗಿ ಬೆಳ್ಳಗ ಆಗತೈತಿ. ಹೊಟ್ಟಿ ಉಬ್ಬತೈತಿ. ಅಷ್ಟ ಆದ ಮ್ಯಾಲೆ ಇಲ್ಲಿ ಕುಂದರಬ್ಯಾಡ್ರಿ. ವೈರಲ್ ಅಂತಾರ, ಕೇಳಬ್ಯಾಡ್ರಿ. ಇವತ್ತ ಬೆಳಗಾವಿಗೆ ಒಯ್ಯಿರಿ."

"ಮಗಾ ಊರಾಗಿಲ್ಲ. ನಾಳಿ ನೋಡೂಣಂತ."

"ನಾಳಿ ಅಂದ್ರ ನನ್ನಂಗ ಆಗತೈತಿ. ನೋಡ್ತೀರೇನು?" ಸೀರೆ ಸರಿಸಿ ಚೀಲ ತೋರಿಸಿದೆ. ಬೇರೆ ಗಂಡಸಿಗೆ ಅದನ್ನು ತೋರಿಸಿದ್ದು ಅದೊಂದೇ ಸಲ. ಅವನು ನೋಡಿದ, ಹಿಂದೆ ಸರಿದು ಬಾಗಿಲ ಚೌಕಟ್ಟು ಹಿಡಿದುಕೊಂಡ.

ನನ್ನ ಗಂಡ ಗಾಡಿ ತೆಗೆದರು. ಅದೇ ಗಾದಿ ಹಾಸಿದರು. ಹೊರಡುವಾಗ ರೇಣುಕಾ ನನ್ನ ಕೈ ಹಿಡಿದು, "ಅಕ್ಕಾ, ನನಗೂ ಚೀಲಾ ಹಾಕ್ತಾರೇನು?" ಎಂದಳು. "ಇಲ್ಲ, ನೀ ಲಗೂ ಹೊಂಟಿ," ಎಂದೆ. ಹಾಗೇ ಆಯಿತು. ಕರುಳು ತೂತಾಗುವ ಮೊದಲೇ ಸರಿಯಾದ ಔಷಧ ಬಿತ್ತು. ಅವಳು ಒಣಗಿ ಕಡ್ಡಿಯಾಗಿ, ಆದರೆ ಇಡಿಯಾಗಿ, ಮನೆಗೆ ಬಂದಳು. ಕಾಕಾ ನಮಗೆ ಒಂದು ಮಾತೂ ಹೇಳಲಿಲ್ಲ. ನಾನೂ ಕಾಯಲಿಲ್ಲ.

ಆಮೇಲೆ ನನ್ನ ಎರಡನೆಯ ಆಪರೇಷನ್. ಕರುಳನ್ನು ಒಳಗೆ ಸೇರಿಸಿ ಹೊಲಿದರು. ಆ ವಾರ್ಡಿನಲ್ಲಿ ದಿನಾ ಬೆಳಿಗ್ಗೆ ಡಾಕ್ಟರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಗಾಳಿ ಹೋಯಿತೇ ಎಂದು. ಹೋಗುವವರೆಗೆ ಒಂದು ಗುಟುಕು ನೀರೂ ಇಲ್ಲ. ಪಕ್ಕದ ಹಾಸಿಗೆಯಲ್ಲಿ ಸಂಪಗಾಂವದ ಒಬ್ಬ ಅಜ್ಜಿ ಇದ್ದಳು. ನನ್ನ ಗಾಳಿಗೆ ಆಕೆ ಯಾವುದೋ ದೇವರಿಗೆ ಹರಕೆ ಹೊತ್ತಿದ್ದಳು. ಒಂದು ಮುಂಜಾನೆ ಇಡೀ ವಾರ್ಡಿಗೆ ಕೇಳುವ ಹಾಗೆ ಹೋಯಿತು. ಅಜ್ಜಿ ಎದ್ದು ಕೂತು ಕೈಮುಗಿದಳು. ಗಂಡ ನನ್ನ ಹೊಟ್ಟೆಯನ್ನು, ಚೀಲವಿದ್ದ ಜಾಗದಲ್ಲಿ ಹಾಕಿದ್ದ ಪಟ್ಟಿಯನ್ನು, ನೇರವಾಗಿ ನೋಡಿ ಅತ್ತರು. ಅವರು ಅದನ್ನು ನೋಡಿದ್ದು ಆಗಲೇ ಮೊದಲು.

ಈಗ ಉಣ್ಣುತ್ತೇನೆ, ಗಿರಣಿ ನಡೆಸುತ್ತೇನೆ. ಖಾರ ತಿಂದರೆ ತೊಂದರೆ. ಬಿಟ್ಟುಹೋದ ಗಿರಾಕಿಗಳಲ್ಲಿ ಅರ್ಧ ಜನ ಏನೂ ಆಗದವರ ಹಾಗೆ ವಾಪಸು ಬಂದಿದ್ದಾರೆ. ನಾನು ಬೀಸಿ ಕೊಡುತ್ತೇನೆ, ಆದರೆ ಮುಖ ನೋಡಿ ನಗುವುದಿಲ್ಲ. ನೀರು ಈಗಲೂ ಎಂಟು ದಿನಕ್ಕೊಮ್ಮೆಯೇ ಬರುತ್ತದೆ.

ಎರಡನೆಯ ಸಲ ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ನೀರಿನ ದಿನ ಕೊಡ ಇಟ್ಟುಕೊಂಡು ನಳದ ಮುಂದೆ ಕೂತಿದ್ದೆ. ಪಕ್ಕದಲ್ಲಿ ಮೋಟಾರು ಶುರುವಾಯಿತು. ನಮ್ಮ ನಳ ಗೊರಗೊರ ಎಂದು ಸುಮ್ಮನಾಯಿತು. ಏಳಬೇಕು, ಹೋಗಿ ಬೈಯಬೇಕು ಎಂದು ಸೆರಗು ಸಿಕ್ಕಿಸುತ್ತಿದ್ದೆ. ಅಷ್ಟರಲ್ಲಿ ಸಪ್ಪಳ ನಿಂತಿತು. ಕರೆಂಟು ಹೋಯಿತೆಂದುಕೊಂಡೆ. ಆದರೆ ನಮ್ಮ ಮನೆಯ ದೀಪ ಉರಿಯುತ್ತಿತ್ತು.

ಹೊರಗೆ ಬಂದು ನೋಡಿದೆ. ರೇಣುಕಾ ಅವರ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಜ್ವರಕ್ಕೆ ತಲೆಗೂದಲೆಲ್ಲ ಉದುರಿ ಸೆರಗು ಹೊದ್ದಿದ್ದಳು. ಮೋಟಾರಿನ ವಾಯರಿನ ತುದಿ ಅವಳ ಮುಷ್ಟಿಯಲ್ಲಿತ್ತು. ಒಳಗಿನಿಂದ ಮಾವ ಕೂಗುತ್ತಿದ್ದ, "ಯಾಕ ಬಂದ್ ಆತು? ಏ ರೇಣುಕಾ, ಹಚ್ಚು ಅದನ್ನ."

"ಹಚ್ಚೂದಿಲ್ರಿ," ಎಂದಳು ಅವಳು, ತಿರುಗದೆ.

ನಮ್ಮ ನಳದಲ್ಲಿ ನೀರು ಬೀಳುವ ಸಪ್ಪಳ ಕೇಳಿತು. ಕೊಡ ಹಿಡಿಯಲು ನಾನು ಒಳಗೆ ಓಡಿದೆ.